ಹದಿಮೂರರ ವಯಸ್ಸಿನಲ್ಲಿ ಮನೆಯ ಕೋಣೆಯಲ್ಲಿ ಹಾಡಿದ ಬಿಲ್ಲಿ ಐಲಿಶ್: ಅದು ಹೇಗೆ ಸಾಧ್ಯವಾಯಿತು?

ಪ್ರಶ್ನೆ: ಒಬ್ಬ ತಾಯಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಹದಿನಾಲ್ಕು ವರ್ಷ. ಏಳನೆಯ ವಯಸ್ಸಿನಿಂದ ಕರ್ನಾಟಕ ಸಂಗೀತ ಕಲಿತು ಜೂನಿಯರ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿ, ಕಳೆದ ಒಂದು ವರ್ಷದಿಂದ ಕೋಣೆಯ ಬಾಗಿಲು ಹಾಕಿಕೊಂಡು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ತಾನೇ ಹಾಡು ಬರೆಯುತ್ತಾಳೆ, ಪಿಸುಮಾತಿನಂಥ ದನಿಯಲ್ಲಿ ಹಾಡಿ ಅದನ್ನು ಫೋನಿನಲ್ಲಿ ಮುದ್ರಿಸಿಕೊಳ್ಳುತ್ತಾಳೆ. ಏನಮ್ಮಾ ಇದು ಎಂದು ಕೇಳಿದರೆ ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ ಹೆಸರು ಹೇಳುತ್ತಾಳೆ. "ಅವಳು ಹದಿಮೂರನೆಯ ವಯಸ್ಸಿನಲ್ಲಿ ಮನೆಯಲ್ಲೇ ಕೂತು ಹಾಡಿ ಇಡೀ ಜಗತ್ತಿಗೆ ಗೊತ್ತಾದಳು. ನನಗೆ ಸ್ಟುಡಿಯೊ ಬೇಡ, ಪಾಠವೂ ಬೇಡ" ಎಂಬುದು ಇವಳ ವಾದ.

ನಾನು ಆ ಗಾಯಕಿಯ ಹಾಡುಗಳನ್ನು ಎರಡು ದಿನ ಕೂತು ಕೇಳಿದೆ. ಕೆಲವು ನಿಜವಾಗಿಯೂ ಮನಸ್ಸನ್ನು ಮುಟ್ಟಿದವು. ಇನ್ನು ಕೆಲವುಗಳಲ್ಲಿ ಸಾವು, ಒಂಟಿತನ, ದುಃಸ್ವಪ್ನಗಳ ಮಾತೇ ತುಂಬಿದ್ದು, ಹದಿನಾಲ್ಕರ ಹುಡುಗಿ ಹಗಲೂ ರಾತ್ರಿ ಇದನ್ನೇ ಕೇಳುತ್ತಾಳಲ್ಲ ಎಂದು ಭಯವೂ ಆಯಿತು. ಆಕೆ ಅಷ್ಟು ಚಿಕ್ಕ ವಯಸ್ಸಿನಲ್ಲಿ ಮುಂದೆ ಬಂದದ್ದು ಹೇಗೆ, ಪಾಠವೇ ಇಲ್ಲದೆ ಹಾಡಿದಳೇ, ಆ ಮನೆಯವರು ಅವಳನ್ನು ಹೇಗೆ ನೋಡಿಕೊಂಡರು ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕು. ಮಗಳನ್ನು ತಡೆಯುವುದಕ್ಕಾಗಿ ನಾನು ಕೇಳುತ್ತಿಲ್ಲ. ತಿಳಿದುಕೊಂಡು ಅವಳೊಡನೆ ಮಾತನಾಡಬೇಕೆಂಬುದೇ ನನ್ನ ಆಸೆ.

ಉತ್ತರ: ಧ್ವನಿಮುದ್ರಣ ಎಂಜಿನಿಯರ್, ಬೆಂಗಳೂರು

ಮೇಡಂ, ಮನೆಯ ಕೋಣೆಯ ವಿಷಯದಲ್ಲಿ ನಿಮ್ಮ ಮಗಳು ಹೇಳಿದ್ದು ನಿಜ. ಆದರೆ ಆ ಕೋಣೆಯೊಳಗೆ ಏನು ನಡೆಯುತ್ತಿತ್ತು ಎಂಬುದು ಆ ಮಾತಿನಲ್ಲಿ ಬಿಟ್ಟುಹೋಗಿದೆ.

ಬಿಲ್ಲಿ ಹುಟ್ಟಿದ್ದು 2001ರ ಡಿಸೆಂಬರ್ 18ರಂದು, ಲಾಸ್ ಏಂಜಲೀಸಿನಲ್ಲಿ. ಬೆಳೆದದ್ದು ಆ ನಗರದ ಹೈಲ್ಯಾಂಡ್ ಪಾರ್ಕ್ ಬಡಾವಣೆಯ ಸಣ್ಣದೊಂದು ಮನೆಯಲ್ಲಿ. ಆ ಮನೆಗೆ ಇದ್ದವು ಎರಡೇ ಮಲಗುವ ಕೋಣೆಗಳು. ಎರಡನ್ನೂ ಇಬ್ಬರು ಮಕ್ಕಳಿಗೆ ಬಿಟ್ಟುಕೊಟ್ಟು ತಂದೆ ತಾಯಿ ನಡುಮನೆಯಲ್ಲಿ ಮಲಗುತ್ತಿದ್ದರು. ಅಣ್ಣ ಫಿನಿಯಸ್ ತಂಗಿಗಿಂತ ನಾಲ್ಕು ವರ್ಷ ದೊಡ್ಡವರು. ಅವರ ಕೋಣೆಯಲ್ಲಿ ಹಾಸಿಗೆಯ ಪಕ್ಕದಲ್ಲೇ ಮೇಜು, ಮೇಜಿನ ಮೇಲೆ ಕಂಪ್ಯೂಟರ್, ಸ್ಪೀಕರ್, ಒಂದು ಮೈಕ್. 'ಓಶನ್ ಐಸ್' ಎಂಬ ಹಾಡನ್ನು ಫಿನಿಯಸ್ ಬರೆದದ್ದು ತಮ್ಮ ಬ್ಯಾಂಡಿಗಾಗಿ. ಅದೇ ಹೊತ್ತಿಗೆ ಬಿಲ್ಲಿಯ ನೃತ್ಯ ಶಿಕ್ಷಕರು ನೃತ್ಯ ಸಂಯೋಜನೆಗೊಂದು ಹಾಡು ಬೇಕೆಂದು ಕೇಳಿದ್ದರಿಂದ ಅದನ್ನು ತಂಗಿಯ ದನಿಯಲ್ಲಿ ಮುದ್ರಿಸಿ, ಶಿಕ್ಷಕರು ಇಳಿಸಿಕೊಳ್ಳಲು ಸುಲಭವಾಗಲೆಂದು 2015ರ ನವೆಂಬರ್ 18ರಂದು ಯಾರು ಬೇಕಾದರೂ ಹಾಡು ಹಾಕಬಹುದಾದ ಸೌಂಡ್‌ಕ್ಲೌಡ್ ಜಾಲತಾಣಕ್ಕೆ ಏರಿಸಿದರು. ಆಕೆಗೆ ಹದಿನಾಲ್ಕು ತುಂಬಲು ಆಗ ಸರಿಯಾಗಿ ಒಂದು ತಿಂಗಳು ಬಾಕಿ ಇತ್ತು. ಹೊಸ ಹಾಡುಗಳನ್ನು ಹುಡುಕಿ ಪರಿಚಯಿಸುವವರ ಕಣ್ಣಿಗೆ ಅದು ಬಿದ್ದು, ಕೇಳುಗರಿಂದ ಕೇಳುಗರಿಗೆ ಹರಡಿತು.

ಇಷ್ಟು ಕತೆ ಎಲ್ಲರಿಗೂ ಗೊತ್ತು. ಮಗಳಿಗೆ ಹೇಳಬೇಕಾದದ್ದು ಅದರ ಮುಂದಿನದು. ಡಾರ್ಕ್‌ರೂಮ್ ಮತ್ತು ಇಂಟರ್‌ಸ್ಕೋಪ್ ಎಂಬ ಸಂಗೀತ ಸಂಸ್ಥೆಗಳೊಂದಿಗೆ ಒಪ್ಪಂದವಾದದ್ದು 2016ರಲ್ಲಿ. ಕೆಲವೇ ಹಾಡುಗಳ ಮೊದಲ ಗುಚ್ಛ 'ಡೋಂಟ್ ಸ್ಮೈಲ್ ಅಟ್ ಮಿ' ಹೊರಬಂದದ್ದು 2017ರ ಆಗಸ್ಟಿನಲ್ಲಿ. ಮೊದಲ ಪೂರ್ಣ ಆಲ್ಬಂ ಬಂದದ್ದು 2019ರ ಮಾರ್ಚ್ 29ರಂದು. 'ಓಶನ್ ಐಸ್' ಏರಿಸಿದ ದಿನದಿಂದ ಅಲ್ಲಿಯವರೆಗಿನ ಆ ಮೂರು ವರ್ಷ ನಾಲ್ಕು ತಿಂಗಳನ್ನು ಅವಳಿಗೆ ಎಣಿಸಿ ತೋರಿಸಿ. ಒಂದು ರಾತ್ರಿಯಲ್ಲಿ ಆದದ್ದು ಎಂದು ಎಲ್ಲರೂ ಹೇಳುವ ಕೆಲಸಕ್ಕೆ ಹಿಡಿದ ಕಾಲ ಅದು.

ಇನ್ನು ಆ ಪಿಸುದನಿಯ ವಿಚಾರ. ಇಪ್ಪತ್ತು ವರ್ಷದಿಂದ ಮೈಕಿನ ಮುಂದೆ ಹಾಡುವವರನ್ನು ಗಾಜಿನ ಈಚೆ ಕೂತು ನೋಡಿದ್ದೇನೆ; ಮೆತ್ತಗೆ ಹಾಡುವುದನ್ನು ಮುದ್ರಿಸುವುದು ಗಟ್ಟಿಯಾಗಿ ಹಾಡುವುದನ್ನು ಮುದ್ರಿಸುವುದಕ್ಕಿಂತ ಕಷ್ಟ. ಬಾಯನ್ನು ಮೈಕಿಗೆ ನಾಲ್ಕು ಬೆರಳಿನಷ್ಟು ಹತ್ತಿರ ತಂದಾಗ ದನಿಯ ಕೆಳಸ್ತರ ತಾನಾಗಿಯೇ ದಪ್ಪವಾಗುತ್ತದೆ, ಕೇಳುವವರಿಗೆ ಗಾಯಕಿ ಕಿವಿಯ ಪಕ್ಕದಲ್ಲೇ ಕೂತಂತೆ ಭಾಸವಾಗುತ್ತದೆ. ಆದರೆ ಅಷ್ಟು ಹತ್ತಿರದಲ್ಲಿ ತುಟಿ ಬಿಡಿಸುವ ಸದ್ದು, ಉಸಿರೆಳೆಯುವ ಸದ್ದು, ಶ್ರುತಿ ಕೂದಲೆಳೆಯಷ್ಟು ಸರಿದದ್ದು ಎಲ್ಲವೂ ದಾಖಲಾಗುತ್ತದೆ. ಅದರ ಮೇಲೆ ದನಿಯ ಏರಿಳಿತವನ್ನು ಸಮಮಾಡುವ ಕಂಪ್ರೆಸರ್ ಹಾಕಿ ಸಣ್ಣ ದನಿಯನ್ನು ಮೇಲೆತ್ತಿದಾಗ ಈ ತಪ್ಪುಗಳೂ ಜೊತೆಗೇ ಮೇಲೆದ್ದು ಬರುತ್ತವೆ. ಅದಕ್ಕಾಗಿ ಬಿಲ್ಲಿ ಒಂದು ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ, ಹಾಗೆ ಮುದ್ರಿಸಿದ ಟೇಕುಗಳಲ್ಲಿ ಒಂದರಿಂದ ಒಂದು ಪದ, ಇನ್ನೊಂದರಿಂದ ಅರ್ಧ ಪದ ಆರಿಸಿ ಜೋಡಿಸುತ್ತಾರೆ. ಅದರ ಮೇಲೆ ಅದೇ ದನಿಯ ಹಲವು ಪದರಗಳು ಕೂರುತ್ತವೆ. 'ವೆನ್ ದ ಪಾರ್ಟೀಸ್ ಓವರ್' ಹಾಡನ್ನು ಹೆಡ್‌ಫೋನಿನಲ್ಲಿ ಕೇಳಿ ನೋಡಿ. ವಾದ್ಯ ಹೆಚ್ಚುಕಡಿಮೆ ಇಲ್ಲ, ಆದರೂ ಹಾಡು ತುಂಬಿಕೊಂಡಿದೆ. ತುಂಬಿರುವುದು ಬರೀ ದನಿಯಿಂದ.

ಸುತ್ತಲಿನ ಸದ್ದನ್ನು ಹಾಡಿಗೆ ಸೇರಿಸುವ ಅಭ್ಯಾಸವೂ ಈ ಅಣ್ಣ ತಂಗಿಯರಿಗಿದೆ. 'ಬ್ಯಾಡ್ ಗೈ' ಹಾಡಿನ ತಾಳದಲ್ಲಿ ಟಕಟಕ ಎನ್ನುವ ಒಂದು ಸದ್ದು ಇದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪಾದಚಾರಿಗಳು ರಸ್ತೆ ದಾಟುವ ಕಡೆ ಸಿಗ್ನಲ್ ಮಾಡುವ ಸದ್ದನ್ನು ಬಿಲ್ಲಿ ಫೋನಿನಲ್ಲಿ ಹಿಡಿದು ತಂದದ್ದು ಅದು. 'ಬರಿ ಎ ಫ್ರೆಂಡ್' ಹಾಡಿನಲ್ಲಿ ಕೇಳುವ ಕೊರೆಯುವ ಸದ್ದು ಹಲ್ಲಿನ ವೈದ್ಯರ ಯಂತ್ರದ್ದು. ಇಂಥ ಕಡೆ ಫೋನು ಸಾಕು. ಆದರೆ ಮನೆಯಲ್ಲಿ ಮುದ್ರಿಸಿದ ಆ ಮೊದಲ ಆಲ್ಬಮನ್ನು ಮಿಕ್ಸ್ ಮಾಡಿದವರು, ಅಂದರೆ ದನಿ ವಾದ್ಯಗಳನ್ನು ಹದವಾಗಿ ಬೆರೆಸಿದವರು, ರಾಬ್ ಕಿನೆಲ್ಸ್ಕಿ; ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದ, ಮಾಡಿದವರು ಜಾನ್ ಗ್ರೀನ್‌ಹ್ಯಾಮ್; ಇಬ್ಬರೂ ನುರಿತ ವೃತ್ತಿಪರರು. ಅದರ ಧ್ವನಿಮುದ್ರಣಕ್ಕೆ ಸಿಕ್ಕ ಗ್ರ್ಯಾಮಿ ಸಂಗೀತ ಪ್ರಶಸ್ತಿಯಲ್ಲಿ ಫಿನಿಯಸ್ ಜೊತೆ ಅವರಿಬ್ಬರ ಹೆಸರೂ ಇದೆ. ಸ್ಟುಡಿಯೊ ಬೇಡ ಎನ್ನುವ ಮಗಳಿಗೆ ಈ ಇಬ್ಬರ ಕೆಲಸದ ಬಗ್ಗೆಯೂ ಹೇಳಿ.

ಉತ್ತರ: ಸಂಗೀತ ಶಿಕ್ಷಕಿ, ಧಾರವಾಡ

ಮೇಲಿನ ಸಹೋದರರು ಮೈಕಿನ ಆಚೆಯದನ್ನು ಚೆನ್ನಾಗಿ ವಿವರಿಸಿದ್ದಾರೆ; ಈಚೆಯದನ್ನು ನಾನು ಹೇಳುತ್ತೇನೆ. ಪಾಠ ಬೇಡ ಎಂಬ ಮಾತಿಗೆ ಬಿಲ್ಲಿ ಐಲಿಶ್ ಅವರ ಬದುಕಿನಲ್ಲಿ ಯಾವ ಆಧಾರವೂ ಇಲ್ಲ. ಎಂಟನೆಯ ವಯಸ್ಸಿನಲ್ಲಿ ಅವರು ಲಾಸ್ ಏಂಜಲೀಸ್ ಮಕ್ಕಳ ಗಾಯನವೃಂದಕ್ಕೆ ಸೇರಿದರು. ವೃಂದಗಾಯನ ಎಂದರೆ ಪಕ್ಕದವರ ಶ್ರುತಿಗೆ ಶ್ರುತಿ ಸೇರಿಸಿ, ತನ್ನ ದನಿ ಎದ್ದು ಕಾಣದಂತೆ ಹಾಡುವ ಶಿಸ್ತು. ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು, ಗಂಟಲಿಗೆ ಪೆಟ್ಟಾಗದಂತೆ ಹೇಗೆ ಹಾಡಬೇಕು ಎಂಬುದನ್ನು ಅಲ್ಲಿಯೇ ಕಲಿತೆ ಎಂದು ಅವರೇ ಹೇಳಿದ್ದಾರೆ. ಈಗ ನಾವು ಕೇಳುವ ಆ ಪದರ ಪದರದ ಹಾಡುಗಾರಿಕೆಯಲ್ಲಿ ಒಂದೇ ಹುಡುಗಿ ಇಡೀ ವೃಂದವಾಗಿ ಹಾಡುತ್ತಿದ್ದಾಳೆ ಎಂದೇ ನನಗೆ ಅನ್ನಿಸುತ್ತದೆ.

ನನ್ನ ಬಳಿ ಬರುವ ಮಕ್ಕಳಲ್ಲಿಯೂ ಈ ಪಿಸುದನಿ ಹೊಸದಾಗಿ ಕಾಣುತ್ತಿದೆ. ಬಹಳ ಮಂದಿ ಅದನ್ನು ಗಂಟಲು ಸಡಿಲಬಿಟ್ಟು, ಗಾಳಿ ಸೋರುವಂತೆ ಹಾಡುತ್ತಾರೆ. ಹತ್ತು ನಿಮಿಷಕ್ಕೆ ದನಿ ಒಣಗುತ್ತದೆ, ಷಡ್ಜ ನಿಲ್ಲುವುದಿಲ್ಲ. ಮಂದ್ರ ಸ್ಥಾಯಿಯಲ್ಲಿ ಒಂದು ಸ್ವರವನ್ನು ಸಣ್ಣಗೆ, ಅಲುಗದಂತೆ, ದೀರ್ಘವಾಗಿ ಹಿಡಿಯಬಲ್ಲ ಮಗು ಮಾತ್ರ ಮೆತ್ತಗೆ ಹಾಡಲು ಅರ್ಹ. ನಿಮ್ಮ ಮಗಳು ಏಳು ವರ್ಷ ಮಾಡಿದ ಸರಳೆ, ಜಂಟಿ, ಅಲಂಕಾರಗಳ ಸಾಧನೆ ಇಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಅವಳಿಗೆ ತಿಳಿಸಿ. ಬೆಳಗಿನ ಅಕಾರ ಸಾಧನೆಯನ್ನು ಅವಳು ಬಿಟ್ಟಿದ್ದರೆ ಅದನ್ನು ಮಾತ್ರ ಮತ್ತೆ ಶುರುಮಾಡಿಸಿ. ಉಳಿದದ್ದನ್ನು ಅವಳ ಇಷ್ಟಕ್ಕೆ ಬಿಡಿ.

ಇನ್ನೊಂದು ಮಾತು. ಬಿಲ್ಲಿ ಅವರು ಪಿಸುದನಿಯಲ್ಲೇ ನಿಂತವರಲ್ಲ. 2021ರ ಎರಡನೆಯ ಆಲ್ಬಂ 'ಹ್ಯಾಪಿಯರ್ ದ್ಯಾನ್ ಎವರ್'ನ ಶೀರ್ಷಿಕೆ ಗೀತೆ ಗಿಟಾರಿನೊಂದಿಗೆ ಜೋಗುಳದಂತೆ ಶುರುವಾಗಿ, ಅರ್ಧ ದಾರಿಯಲ್ಲಿ ತಿರುಗಿ, ಕೊನೆಗೆ ಆಕೆ ಕಿರುಚಿಯೇಬಿಡುತ್ತಾರೆ. 2024ರ ಮೇ ತಿಂಗಳಲ್ಲಿ ಬಂದ 'ಹಿಟ್ ಮಿ ಹಾರ್ಡ್ ಆ್ಯಂಡ್ ಸಾಫ್ಟ್' ಆಲ್ಬಮಿನಲ್ಲಿ ಅವರು ಎತ್ತರದ ಸ್ವರಗಳನ್ನು ಪೂರ್ಣ ಗಂಟಲಿನಿಂದ ಹಾಡಿದ್ದಾರೆ. ಅಷ್ಟು ಪ್ರಶಸ್ತಿಗಳು ಬಂದ ಮೇಲೆ, ಇಪ್ಪತ್ತು ದಾಟಿದ ಮೇಲೆ, ಮತ್ತೆ ಗಾಯನ ಶಿಕ್ಷಕರ ಬಳಿ ಹೋಗಿ ಕಲಿತದ್ದರ ಫಲ ಅದು. ಗುರುವಿನ ಮುಂದೆ ಎರಡನೆಯ ಸಲ ಕೂರುವುದಕ್ಕೆ ದೊಡ್ಡ ಮನಸ್ಸು ಬೇಕು. ನನಗೆ ಆಕೆಯ ಬಗ್ಗೆ ಗೌರವ ಹೆಚ್ಚಿದ್ದು ಆ ಕಾರಣಕ್ಕೆ.

ಉತ್ತರ: ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗ

ನಾನು ಲಾಸ್ ಏಂಜಲೀಸಿಗೆ ಹತ್ತಿರದಲ್ಲಿ ಇದ್ದೇನೆ. ನನ್ನ ಇಬ್ಬರು ಹೆಣ್ಣುಮಕ್ಕಳೂ ಈ ಹಾಡುಗಳ ಜೊತೆಯಲ್ಲೇ ಬೆಳೆದರು. ಸಣ್ಣ ಮನೆ, ಸಣ್ಣ ಕೋಣೆ ಎಂದು ಕೇಳಿದವರು ಏನೂ ಇಲ್ಲದ ಕುಟುಂಬವೊಂದನ್ನು ಕಲ್ಪಿಸಿಕೊಳ್ಳುತ್ತಾರೆ. ಇನ್ನು ಕೆಲವರು ಇದೆಲ್ಲ ಸಂಗೀತ ಕಂಪನಿಯೇ ಹೂಡಿದ ಆಟ ಎನ್ನುತ್ತಾರೆ. ಎರಡೂ ಸರಿಯಲ್ಲ. ತಾಯಿ ಮ್ಯಾಗಿ ಬೇರ್ಡ್ ಮತ್ತು ತಂದೆ ಪ್ಯಾಟ್ರಿಕ್ ಒಕಾನೆಲ್ ಇಬ್ಬರೂ ನಟರು, ಇಬ್ಬರಿಗೂ ಸಂಗೀತ ಬರುತ್ತಿತ್ತು. ಆದರೆ ತಾರೆಯರಲ್ಲ, ಸಿಕ್ಕ ಪಾತ್ರಗಳನ್ನು ಮಾಡಿಕೊಂಡು ಸಂಸಾರ ನಡೆಸಿದವರು. ಹಣ ಹೆಚ್ಚಿರಲಿಲ್ಲ. ಬೇರೆ ಬಗೆಯ ಸಂಪತ್ತು ಇತ್ತು: ಮನೆಯಲ್ಲಿ ಪಿಯಾನೋ, ದಿನವಿಡೀ ಅಭ್ಯಾಸ ಮಾಡಲು ಸಮಯ, ವೃತ್ತಿಯ ಒಳಹೊರಗು ಬಲ್ಲ ಹಿರಿಯರು. ಫಿನಿಯಸ್ ಆಗಲೇ ಸಿನಿಮಾ, ಟೆಲಿವಿಷನ್‌ಗಳಲ್ಲಿ ನಟಿಸಿದ್ದರು. ಹಾಡು ಹರಡತೊಡಗಿದಾಗ ಏನು ಮಾಡಬೇಕೆಂದು ಕೇಳಲು ಅವರಿಗೊಬ್ಬ ಮ್ಯಾನೇಜರ್ ಇದ್ದರು. ಮೈಸೂರಿನ ಹುಡುಗಿಗೆ ಅಥವಾ ಇಲ್ಲಿಯೇ ಬೇರೆ ಮನೆಯ ಹುಡುಗಿಗೆ ಇದು ಸಿಗುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಈ ಕತೆಯನ್ನು ಹೇಳಬೇಕು.

ಮಕ್ಕಳಿಬ್ಬರೂ ಶಾಲೆಗೆ ಹೋಗಲಿಲ್ಲ, ಮನೆಯಲ್ಲೇ ಕಲಿತರು. ಮ್ಯಾಗಿ ಅವರು ಹಾಡು ಬರೆಯುವುದನ್ನು ಮಕ್ಕಳಿಗೆ ಒಂದು ಪಾಠವಾಗಿಯೇ ಹೇಳಿಕೊಡುತ್ತಿದ್ದರು. ಬಿಲ್ಲಿ ತಮ್ಮ ಮೊದಲ ನಿಜವಾದ ಹಾಡನ್ನು ಬರೆದದ್ದು ಆ ತರಗತಿಗೆ ಕೊಟ್ಟ ಅಭ್ಯಾಸವಾಗಿ, ಹನ್ನೊಂದರ ಆಸುಪಾಸಿನ ವಯಸ್ಸಿನಲ್ಲಿ, ನೋಡುತ್ತಿದ್ದ ಟೆಲಿವಿಷನ್ ಧಾರಾವಾಹಿಯೊಂದರಿಂದ ಪದಗಳನ್ನು ಆರಿಸಿಕೊಂಡು. ರಾತ್ರಿ ಎಷ್ಟು ಹೊತ್ತಾದರೂ ಸಂಗೀತ ನುಡಿಸುತ್ತಿರುವ ಮಗುವಿಗೆ ಮಲಗು ಎಂದು ಹೇಳಬಾರದು ಎಂಬುದು ಆ ಮನೆಯ ನಿಯಮವಾಗಿತ್ತಂತೆ. ಈ ನಿಯಮ ನನಗೆ ಬಹಳ ಹಿಡಿಸಿತು. ನನ್ನ ಮನೆಯಲ್ಲಿ ಅದನ್ನು ಜಾರಿಗೆ ತರಲು ನನ್ನಿಂದ ಆಗಲಿಲ್ಲ, ಬೆಳಿಗ್ಗೆ ಏಳಕ್ಕೆ ಶಾಲೆಯ ಬಸ್ಸು ಬರುತ್ತಿತ್ತು.

ಪ್ರಶಸ್ತಿಗಳ ವಿಷಯ ಎಲ್ಲ ಕಡೆ ಸಿಗುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. 2019ರ ಆಗಸ್ಟಿನಲ್ಲಿ 'ಬ್ಯಾಡ್ ಗೈ' ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಅದಕ್ಕೂ ಮುಂಚೆ 19 ವಾರ ಆ ಸ್ಥಾನದಲ್ಲಿ ಬೇರೊಂದೇ ಹಾಡು ಕೂತಿತ್ತು. 2020ರ ಜನವರಿಯಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಗ್ರ್ಯಾಮಿಯ ನಾಲ್ಕು ಮುಖ್ಯ ಪ್ರಶಸ್ತಿಗಳನ್ನು ಒಂದೇ ರಾತ್ರಿ ಗೆದ್ದರು. 1981ರಲ್ಲಿ ಕ್ರಿಸ್ಟೋಫರ್ ಕ್ರಾಸ್ ಗೆದ್ದ ನಂತರ ಅದು ಮತ್ತೆ ಆದದ್ದು ಆಗಲೇ. ಜೇಮ್ಸ್ ಬಾಂಡ್ ಚಿತ್ರದ 'ನೋ ಟೈಮ್ ಟು ಡೈ' ಹಾಡಿಗೆ 2022ರಲ್ಲಿ, 'ಬಾರ್ಬಿ' ಚಿತ್ರದ 'ವಾಟ್ ವಾಸ್ ಐ ಮೇಡ್ ಫಾರ್?' ಹಾಡಿಗೆ 2024ರಲ್ಲಿ ಅಣ್ಣ ತಂಗಿ ಇಬ್ಬರಿಗೂ ಆಸ್ಕರ್ ಬಂತು. ಇಪ್ಪತ್ತೆರಡನೆಯ ವಯಸ್ಸಿಗೆ ಎರಡು ಆಸ್ಕರ್ ಪಡೆದವರು ಅದುವರೆಗೆ ಬೇರೆ ಯಾರೂ ಇರಲಿಲ್ಲ.

ಈ ಪಟ್ಟಿಗಿಂತ ಹೆಚ್ಚಾಗಿ ನನ್ನ ಮಕ್ಕಳೊಡನೆ ನಾನು ಮಾತನಾಡಿದ್ದು ಆಕೆ ಕಳೆದುಕೊಂಡದ್ದರ ಬಗ್ಗೆ. ಬಿಲ್ಲಿಗೆ ಹಾಡಿಗಿಂತ ನೃತ್ಯವೇ ಪ್ರಾಣವಾಗಿತ್ತು. 'ಓಶನ್ ಐಸ್' ಬಂದ ಹೊಸದರಲ್ಲೇ ಸೊಂಟದ ಬಳಿ, ಬೆಳೆಯುತ್ತಿರುವ ಮೂಳೆಗೆ ಪೆಟ್ಟಾಗಿ ನೃತ್ಯ ನಿಂತುಹೋಯಿತು. ಹರೆಯದ ಬಹುಕಾಲ ಅವರನ್ನು ಖಿನ್ನತೆ ಕಾಡಿದ್ದು ಅಲ್ಲಿಂದಲೇ ಎಂದು ಅವರು ಹೇಳಿಕೊಂಡಿದ್ದಾರೆ. ಚಿಕ್ಕಂದಿನಿಂದ ಟೂರೆಟ್ ಎಂಬ ನರಸಂಬಂಧಿ ತೊಂದರೆಯೂ ಇದೆ. ತಡೆಯಲಾಗದಂತೆ ಮುಖ, ಕತ್ತು ಅದುರುವುದನ್ನು ಜನರು ವಿಡಿಯೊ ಮಾಡಿ ಹರಡತೊಡಗಿದಾಗ, 2018ರಲ್ಲಿ ಅದನ್ನು ಅವರೇ ಮುಂದಾಗಿ ಹೇಳಿದರು. ತಮ್ಮ ಮೈಕಟ್ಟಿನ ಬಗ್ಗೆ ಯಾರೂ ಮಾತನಾಡದಿರಲಿ ಎಂದು ದೊಗಳೆ ಬಟ್ಟೆ ತೊಟ್ಟರು. ಆಗ ಜನರು ಬಟ್ಟೆಯ ಬಗ್ಗೆ ಮಾತನಾಡಿದರು, ಬಟ್ಟೆ ಬದಲಿಸಿದಾಗ ಅದರ ಬಗ್ಗೆಯೂ ಮಾತನಾಡಿದರು. ಹದಿನಾರು ಹದಿನೇಳರ ಹುಡುಗಿಯ ಮೇಲೆ ಲೋಕ ಹೊರಿಸುವ ಭಾರ ಎಷ್ಟೆಂದು ಹೆಣ್ಣುಮಕ್ಕಳ ತಂದೆಯಾಗಿ ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪ್ರತಿಕ್ರಿಯೆ: ಪ್ರಶ್ನೆ ಕೇಳಿದ ತಾಯಿ

ಮೂವರಿಗೂ ಮನಸಾರೆ ವಂದನೆಗಳು. ಧಾರವಾಡದ ಅಕ್ಕನವರು ಬರೆದದ್ದನ್ನು ನಿನ್ನೆ ರಾತ್ರಿ ಮಗಳಿಗೆ ಓದಿ ಹೇಳಿದೆ. ಗಾಯನವೃಂದದ ವಿಷಯ ಅವಳಿಗೆ ಗೊತ್ತಿರಲಿಲ್ಲ. ಸುಮ್ಮನೆ ಕೇಳಿಸಿಕೊಂಡಳು, ವಾದ ಮಾಡಲಿಲ್ಲ. ಬೆಳಿಗ್ಗೆ ತಂಬೂರಿ ಪೆಟ್ಟಿಗೆ ಹಾಕಿದ ಸದ್ದು ಕೇಳಿಸಿತು. ಆದರೆ ಕತ್ತಲೆಯ ಹಾಡುಗಳ ಬಗ್ಗೆ ನನ್ನ ಭಯ ಇನ್ನೂ ಹೋಗಿಲ್ಲ. ಅವಳ ನೋಟುಪುಸ್ತಕದಲ್ಲಿಯೂ ಅಂಥ ಸಾಲುಗಳಿವೆ. ಓದಿದ್ದಕ್ಕೆ ಅವಳಿಗೆ ಕೋಪ ಬಂತು. ಇನ್ನೊಂದು: ಕಂಪನಿಯವರು ಎಂದು ಹೇಳಿಕೊಂಡು ಯಾರೋ ಅವಳಿಗೆ ಸಂದೇಶ ಕಳುಹಿಸಿ, ಹಾಡುಗಳ ಹಕ್ಕನ್ನು ನಮಗೆ ಬರೆದುಕೊಟ್ಟರೆ ನಾವೇ ಬಿಡುಗಡೆ ಮಾಡುತ್ತೇವೆ ಎಂದಿದ್ದಾರೆ.

ಉತ್ತರ: ಕ್ಯಾಲಿಫೋರ್ನಿಯಾದ ಕನ್ನಡಿಗ

ಅಮ್ಮ, ಮೊದಲನೆಯದಕ್ಕೆ ಆ ಮನೆಯಲ್ಲೇ ನಡೆದ ಒಂದು ಪ್ರಸಂಗವಿದೆ. 'ಎವ್ರಿಥಿಂಗ್ ಐ ವಾಂಟೆಡ್' ಹಾಡು ಹುಟ್ಟಿದ್ದು ಬಿಲ್ಲಿಗೆ ಬಿದ್ದ ಕೆಟ್ಟ ಕನಸಿನಿಂದ: ತಾನು ಸತ್ತಿದ್ದೇನೆ, ಯಾರಿಗೂ ಏನೂ ಅನ್ನಿಸುತ್ತಿಲ್ಲ. 2018ರಲ್ಲಿ ಅದನ್ನು ಬರೆಯಲು ಕೂತಾಗ ತಂದೆ ತಾಯಿಗೆ ಗಾಬರಿಯಾಯಿತು, ಫಿನಿಯಸ್ ಮುಂದುವರಿಸಲು ಒಪ್ಪಲಿಲ್ಲ, ಮನೆಯಲ್ಲಿ ಜಗಳವಾಯಿತು, ಹಾಡು ಅಲ್ಲಿಗೇ ನಿಂತಿತು. ಆಮೇಲೆ ಮತ್ತೆ ಕೈಗೆತ್ತಿಕೊಂಡಾಗ ಆ ಕನಸಿನಿಂದ ಎಚ್ಚರವಾದಾಗ ಪಕ್ಕದಲ್ಲಿ ಅಣ್ಣ ಇದ್ದಾನೆ ಎಂಬ ಹಾಡಾಗಿ ಅದು ಬೆಳೆಯಿತು. 2021ರ ಗ್ರ್ಯಾಮಿಯಲ್ಲಿ ವರ್ಷದ ಧ್ವನಿಮುದ್ರಿಕೆ ಎನಿಸಿಕೊಂಡದ್ದು ಅದೇ ಹಾಡು. ಮನೆಯವರಿಗೆ ಭಯವಾದದ್ದು ತಪ್ಪಲ್ಲ, ಅವರು ಆ ಭಯವನ್ನು ಬಾಯಿಬಿಟ್ಟು ಹೇಳಿದರು, ಆದರೆ ಪುಸ್ತಕ ಕಿತ್ತುಕೊಳ್ಳಲಿಲ್ಲ. ನೀವು ಕೇಳದೆ ಓದಿದ್ದಕ್ಕೆ ಮಗಳಲ್ಲಿ ಒಂದು ಮಾತು ಕ್ಷಮೆ ಕೇಳಿ, ಆ ಸಾಲುಗಳ ಬಗ್ಗೆ ಅವಳನ್ನೇ ವಿಚಾರಿಸಿ. ಹಾಡಿನಲ್ಲಿ ಮಾತ್ರವಲ್ಲದೆ ನಿದ್ದೆಯಲ್ಲಿ, ಊಟದಲ್ಲಿ, ಗೆಳತಿಯರೊಡನೆ ಬೆರೆಯುವುದರಲ್ಲಿ ಬದಲಾವಣೆ ಕಂಡರೆ ತಡಮಾಡದೆ ವೈದ್ಯರನ್ನು ಕಾಣಿ; ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು ಎಂದು ಊರಿನ ನನ್ನ ತಂಗಿ ಹೇಳುತ್ತಾಳೆ.

ಉತ್ತರ: ಧ್ವನಿಮುದ್ರಣ ಎಂಜಿನಿಯರ್, ಬೆಂಗಳೂರು

ಎರಡನೆಯದಕ್ಕೆ ನಾನು ಹೇಳುತ್ತೇನೆ. ಯಾವುದಕ್ಕೂ ಒಪ್ಪಿಗೆ ಕೊಡಬೇಡಿ, ಸಂದೇಶದಲ್ಲಿ "ಆಗಲಿ" ಎಂದು ಕೂಡ ಬರೆಯುವುದು ಬೇಡ. ನಮ್ಮಲ್ಲಿ 1872ರ ಒಪ್ಪಂದ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರು ತಾವೇ ಒಪ್ಪಂದ ಮಾಡಿಕೊಳ್ಳಲು ಅರ್ಹರಲ್ಲ, ಆದ್ದರಿಂದ ಅಂಥವರು ಕೊನೆಗೆ ನಿಮ್ಮ ಸಹಿಯನ್ನೇ ಕೇಳುತ್ತಾರೆ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಆದ ತಿದ್ದುಪಡಿಯು ಸಾಹಿತ್ಯ ಬರೆದವರಿಗೂ ಸಂಗೀತ ಕೂಡಿಸಿದವರಿಗೂ ರಾಯಧನದ ಪಾಲನ್ನು ಉಳಿಸಿಕೊಟ್ಟಿದೆ. ಆ ಪಾಲನ್ನು ಬಿಟ್ಟುಕೊಡುತ್ತೇನೆಂದು ಬರೆಸಿಕೊಳ್ಳುವ ಕಾಗದವನ್ನು ವಕೀಲರಿಗೆ ತೋರಿಸದೆ ಮುಟ್ಟಬಾರದು. ಕ್ಯಾಲಿಫೋರ್ನಿಯಾದಲ್ಲಿ ಬಾಲ ಕಲಾವಿದರ ಸಂಪಾದನೆಯಲ್ಲಿ ಕನಿಷ್ಠ ಶೇಕಡಾ 15ರಷ್ಟನ್ನು ಅವರ ಹೆಸರಿನಲ್ಲೇ ತೆಗೆದಿಡಬೇಕೆಂಬ ಕಾನೂನಿದೆ, ನಮ್ಮಲ್ಲಿ ಅಂಥ ಕಾವಲು ಮನೆಯವರದೇ. ಬಿಲ್ಲಿಯವರ ಮೊದಲ ಆಲ್ಬಮಿನಲ್ಲಿ ಹಾಡು ಬರೆದವರ ಜಾಗದಲ್ಲಿ ಅಣ್ಣ ತಂಗಿಯರ ಹೆಸರು ಬಿಟ್ಟು ಮೂರನೆಯ ಹೆಸರಿಲ್ಲ. ಅದನ್ನು ಮಗಳಿಗೆ ತೋರಿಸಿ, ಅವಳ ಪ್ರತಿ ಹಾಡಿನ ಕೆಳಗೆ ದಿನಾಂಕ ಮತ್ತು ಹೆಸರು ಬರೆದಿಡಲು ಹೇಳಿ.

ಪ್ರತಿಕ್ರಿಯೆ: ಪ್ರಶ್ನೆ ಕೇಳಿದ ತಾಯಿ

ಹಾಗೆಯೇ ಮಾಡುತ್ತೇನೆ. ಕ್ಷಮೆಯನ್ನು ಇವತ್ತೇ ಕೇಳಿದೆ. ಸ್ವಲ್ಪ ಹೊತ್ತಿನ ನಂತರ ಅವಳೇ ಬಂದು ಎರಡು ಹಾಡು ಓದಿ ತೋರಿಸಿದಳು. ಕೀಬೋರ್ಡ್ ನುಡಿಸುವ ಗೆಳತಿ ಪಕ್ಕದ ಬೀದಿಯಲ್ಲಿದ್ದಾಳೆ, ಶನಿವಾರ ರಾತ್ರಿ ಇಬ್ಬರೂ ಸೇರಿ ಮುದ್ರಿಸಿಕೊಳ್ಳಬಹುದೇ ಎಂದು ಕೇಳಿದ್ದಾಳೆ. ನಮ್ಮ ಕೋಣೆ ರಸ್ತೆಯ ಕಡೆಗಿದೆ, ವಾಹನಗಳ ಸದ್ದು ಜಾಸ್ತಿ.

ಉತ್ತರ: ಧ್ವನಿಮುದ್ರಣ ಎಂಜಿನಿಯರ್, ಬೆಂಗಳೂರು

ರಾತ್ರಿ ಹತ್ತರ ನಂತರ ಮುದ್ರಿಸಲಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದಕ್ಕೆ ಎದುರಾಗಿ ನಿಂತು ಹಾಡಿದರೆ ಕೋಣೆಯ ಪ್ರತಿಧ್ವನಿ ಕಡಿಮೆಯಾಗುತ್ತದೆ. ಕಿಟಕಿಗೆ ದಪ್ಪ ಜಮಖಾನ ಇಳಿಬಿಡಿ, ಫ್ಯಾನ್ ನಿಲ್ಲಿಸಿ. ಫೋನನ್ನು ಕೈಯಲ್ಲಿ ಹಿಡಿಯದೆ ಪುಸ್ತಕಗಳ ಮೇಲೆ ಇಟ್ಟು, ಬಾಯಿಗೆ ನೇರವಾಗಿ ಅಲ್ಲದೆ ಸ್ವಲ್ಪ ಓರೆಯಾಗಿ ಇರಿಸಿಕೊಳ್ಳಲಿ. ಆಗ ಉಸಿರು ಬಡಿಯುವುದಿಲ್ಲ.